ಮಾತಾಡಿದಷ್ಟಕ್ಕೆ

ಯರಗಟ್ಟಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾಸಿಮಸಾಬರ ಮನೆ ಯಾವುದೆಂದು ಕೇಳಿದರೆ, "ಬೂತಿನ ಸಾಬರ ಮನೀನ? ಹಸರ ಬಾಂಕ ಇರೂದು ನೋಡ್ರಿ, ಅದ," ಎನ್ನುತ್ತಾರೆ. ಅವರ ಎಸ್‌ಟಿಡಿ ಬೂತು ಮುಚ್ಚಿ ಎಷ್ಟೋ ವರ್ಷವಾಯಿತು. ಹಳದಿ ಬೋರ್ಡು ಕೋಳಿಗೂಡಿನ ಮಾಡಾಗಿದೆ. ಗಾಜಿನ ಕ್ಯಾಬಿನ್ ಗುಜರಿಗೆ ಹೋಗಿದೆ. ಗಿರಾಕಿಗಳು ಕುಳಿತು ಸರದಿಗೆ ಕಾಯುತ್ತಿದ್ದ ಹಸಿರು ಬಣ್ಣದ ಮರದ ಬಾಂಕೊಂದು ಮಾತ್ರ ಬಾಗಿಲ ಪಕ್ಕದಲ್ಲಿ ಉಳಿದಿದೆ.

ಮಗಳು ಫರೀನ್ ಬಿ.ಎಸ್‌ಸಿ. ಮುಗಿಸಿ ಬೈಲಹೊಂಗಲದ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಗಂಡನ ಮನೆಯೂ ಅಲ್ಲೇ. ಅಳೆಯದೆ ಯಾವುದನ್ನೂ ನಂಬುವವಳಲ್ಲ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಮೇಲಿನ ಗುಡ್ಡೆಯನ್ನು ಸವರಿ ಸಪಾಟು ಮಾಡುತ್ತಾಳೆ. ಒಂದು ಭಾನುವಾರ ತವರಿಗೆ ಬಂದಾಗ ತಂದೆಯ ಗುಂಡಿಗಳ ಫೋನಿನಿಂದ ಕರೆ ಹೋಗದಾಗಿತ್ತು. ರಿಚಾರ್ಜ್ ಮುಗಿದಿತ್ತು.

"ಮಾತಾಡಿದಷ್ಟಕ್ಕ ಕಟ್ ಆಗೂದು ಹಾಕಸ, ಬೇಟಾ," ಎಂದರು ಖಾಸಿಮಸಾಬರು.

ಫರೀನ್ ಫೋನಿನಲ್ಲಿದ್ದ ಕರೆಗಳನ್ನು ಒಂದೊಂದಾಗಿ ನೋಡಿದಳು. ಹೆಚ್ಚಿನವು ಅವಳಿಗೆ ಗುರುತಿಲ್ಲದ ನಂಬರುಗಳು.

"ಇಷ್ಟ ಮಂದಿಗೆ ಮಾಡ್ತೀರೇನ ಅಬ್ಬಾ?"

"ನಾ ಎಲ್ಲಿ ಮಾಡ್ತೇನಿ? ಓಣ್ಯಾಗಿನವರು ಬರ್ತಾರ, ಮಾತಾಡ್ತಾರ, ರೊಕ್ಕಾ ಇಟ್ಟ ಹೋಗ್ತಾರ."

ಟೆಂಪೋ ತೊಳೆಯುತ್ತಿದ್ದ ಅಣ್ಣ ಸಾಜಿದ್ ನಕ್ಕ. "ಬೂತ್ ಮುಚ್ಚಿದ್ರೂ ಬೂತಿನ ಹುಚ್ಚ ಬಿಟ್ಟಿಲ್ಲ ನೋಡ ಇವರಿಗಿ."

ಫರೀನ್ ಕುಳಿತು ಲೆಕ್ಕ ಹಾಕಿದಳು. ಇಷ್ಟು ಮಾತಿಗೆ ಅನ್‌ಲಿಮಿಟೆಡ್ ಪ್ಲ್ಯಾನೇ ಅಗ್ಗ. ಅದರಲ್ಲಿ ಸಂಶಯವೇ ಇರಲಿಲ್ಲ. ತಂದೆಯ ಮಾತನ್ನು ಮುದುಕರ ಹಟ ಎಂದುಕೊಂಡು, ಪೇಟೆಗೆ ಹೋಗಿ ಅದನ್ನೇ ಹಾಕಿಸಿದಳು. "ಇನ್ನ ಎಷ್ಟ ಬೇಕಾದಷ್ಟ ಮಾತಾಡ್ರಿ, ಒಂದ ಪೈಸೆ ಕಟ್ ಆಗಂಗಿಲ್ಲ," ಎಂದು ಫೋನನ್ನು ಅವರ ಕೈಗಿಟ್ಟಳು. ಅವರು ಅದನ್ನು ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು.

ಮುಂದಿನ ತಿಂಗಳು ಬಂದಾಗ ಬಾಂಕಿನ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಖಾಸಿಮಸಾಬರು ಒಳಗೆ ಗೋಡೆಗೊರಗಿ ಕುಳಿತಿದ್ದರು. ದಿನಾ ಮುಂಜಾನೆ ಗಡ್ಡ ತಿದ್ದಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಿಗೆ ಬರುತ್ತಿದ್ದ ಮನುಷ್ಯ ಅಂದು ಬನಿಯನ್ನಿನಲ್ಲಿದ್ದರು.

"ಫೋನ್ ಕೆಟ್ಟೈತೇನ ಅಬ್ಬಾ?"

"ಫೋನ್ ಚಲೋ ಐತಿ, ಬೇಟಾ. ಬರೂ ಮಂದಿನ ಬರವಲ್ರು."

ಫರೀನ್ ಹೊರಗೆ ಬಂದು ಮೆಣಸಿನಕಾಯಿಯನ್ನು ಒಂದು ಬದಿಗೆ ಸರಿಸಿ ಬಾಂಕಿನ ಮೇಲೆ ಕುಳಿತಳು. ಅವಳ ಬಾಲ್ಯವೆಲ್ಲ ಈ ಬಾಂಕಿನಿಂದ ಓಣಿಯ ಕೊನೆಯವರೆಗೆ ಓಡುವುದರಲ್ಲೇ ಕಳೆದಿತ್ತು. ಗಡಿಯಲ್ಲಿದ್ದ ಸೈನಿಕರು, ಗೋವಾಕ್ಕೆ ದುಡಿಯಲು ಹೋದವರು, ಎಲ್ಲರೂ ಬೂತಿಗೇ ಫೋನ್ ಮಾಡುತ್ತಿದ್ದರು. ಮನೆಯವರನ್ನು ಕರೆತರಲು ಓಡಬೇಕಾದವಳು ಫರೀನ್. "ತಾಯವ್ವಾ, ನಿನ್ನ ಮಗಂದು ಫೋನ್!" ಎಂದು ಕೂಗಿದರೆ ತಾಯವ್ವ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಬರುತ್ತಿದ್ದಳು. ರಿಸೀವರಿಗೆ ಅಂಟಿದ ಜೋಳದ ಹಿಟ್ಟನ್ನು ಸಂಜೆ ಖಾಸಿಮಸಾಬರು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

ಕ್ಯಾಬಿನ್ನಿನ ಬಾಗಿಲು ಮುಚ್ಚಿತೆಂದರೆ ಅವರ ಕೈ ತಾನಾಗಿ ರೇಡಿಯೋ ಕಡೆಗೆ ಹೋಗುತ್ತಿತ್ತು. ದನಿ ಏರಿಸಿ ಕೂರುತ್ತಿದ್ದರು. "ಬೂತಿನಾಂವಗ ಮೀಟರ್ ನೋಡಾಕ ಕಣ್ಣ ಇರಬೇಕು. ಕಿವಿ ಇರಬಾರದು," ಎನ್ನುವುದು ಅವರ ಮಾತು. ಕರೆ ಮುಗಿದಾಗ ಯಂತ್ರ ಕಿರುಗುಟ್ಟಿ ಚೀಟಿ ಹೊರಹಾಕುತ್ತಿತ್ತು. ಓದು ಬಾರದವರಿಗೂ ತಿಳಿಯಲೆಂದು ಅದರ ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಅಷ್ಟರಲ್ಲಿ ಎದುರು ಮನೆಯ ರಾಚವ್ವ ಮೆಣಸಿನಕಾಯಿ ತಿರುವಿ ಹಾಕಲು ಬಂದಳು. ಅವಳ ಮಗಳನ್ನು ಸುರೇಬಾನಕ್ಕೆ ಕೊಟ್ಟಿದೆ.

"ಏನವಾ ಫರೀನಾ, ಯಾವಾಗ ಬಂದಿ?"

"ಈಗ ಬಂದೆ ಅಜ್ಜಿ. ನೀವ್ಯಾಕ ಮಗಳಿಗಿ ಫೋನ್ ಮಾಡಾಕ ಬರವಲ್ರಿ?"

ರಾಚವ್ವ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕದಲ್ಲಿ ಕುಳಿತಳು. "ನಿಮ್ಮಪ್ಪಾರು ರೊಕ್ಕಾ ತೊಗೊಳವಲ್ರವಾ. ಕಟ್ ಆಗಿಲ್ಲ, ಹೆಂಗ ತೊಗೊಳ್ಳಿ ಅಂತಾರ. ಒಂದ ಸಲ ಹಂಗ ಮಾತಾಡಿದೆ. ಎರಡನೇ ಸಲಾನೂ ಮಾತಾಡಿದೆ. ಆಮ್ಯಾಲ ಕಾಲ ಏಳಲಿಲ್ಲ."

"ನಿಮ್ಮ ಮನ್ಯಾಗ ಎಲ್ಲಾರ ಕಡೆ ಫೋನ್ ಅದಾವಲ್ಲ?"

"ಅದಾವ. ಸ್ವಸಿ ಮುಂದ ಕುಂತು, ಸ್ವಸಿ ಫೋನಿನ್ಯಾಗ, ಸ್ವಸಿ ಸುದ್ದಿ ಹೇಳ್ಲೇನ?"

ಫರೀನ್‌ಗೆ ನಗು ತಡೆಯಲಾಗಲಿಲ್ಲ. ರಾಚವ್ವ ನಗಲಿಲ್ಲ.

"ನಗಬ್ಯಾಡ. ರೊಕ್ಕಾ ಕೊಟ್ಟ ಮಾತಾಡಿದ್ರ ಅದು ನನ್ನ ಮಾತು. ಪುಕ್ಕಟೆ ಮಾತಾಡಿದ್ರ ಅದು ಉಪಕಾರ ಆಕ್ಕೈತಿ. ಮೂಲಿ ಮನಿ ಶಂಕ್ರೆಪ್ಪನೂ ಹಂಗ ಅಂದು ಬರೂದ ಬಿಟ್ಟಾನ. ಉಪಕಾರದ ಬಾಂಕಿನ ಮ್ಯಾಲ ಎಷ್ಟೊತ್ತು ಕುಂದರಾಕ ಆಕ್ಕೈತಿ, ಹೇಳು?"

ರಾಚವ್ವ ಹೋದ ಮೇಲೂ ಫರೀನ್ ಅಲ್ಲೇ ಕುಳಿತಿದ್ದಳು. ತನ್ನ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಮಾಡಿ ನೋಡಿದಳು. ಅದರಲ್ಲಿ ಎಲ್ಲೂ ತಪ್ಪಿರಲಿಲ್ಲ. ಅಳೆಯಬೇಕಾದ್ದನ್ನು ಬಿಟ್ಟು ಬೇರೇನನ್ನೋ ಅಳೆದಿದ್ದಳು, ಅಷ್ಟೆ. ಕೆಲಸದಲ್ಲಿ ಹಾಗಾದರೆ ಅವಳು ಒಂದೇ ಒಂದು ದಾರಿ ಹಿಡಿಯುತ್ತಾಳೆ: ರಕ್ತದ ಮಾದರಿಯನ್ನು ಚೆಲ್ಲಿ ಮೊದಲಿನಿಂದ ಶುರು ಮಾಡುವುದು.

ಅನ್‌ಲಿಮಿಟೆಡ್ ಪ್ಲ್ಯಾನು ಮುಗಿಯಲು ಇನ್ನು ಕೆಲವೇ ದಿನಗಳಿದ್ದವು. ಅದು ಮುಗಿದ ಭಾನುವಾರ ಮತ್ತೆ ಬಂದು ಅಂಗಡಿಗೆ ಹೋದಳು.

"ಮಾತಾಡಿದಷ್ಟಕ್ಕ ಕಟ್ ಆಗೂದು? ಲುಕ್ಸಾನ ಆಕ್ಕೈತ್ರಿ ಮೇಡಂ," ಎಂದ ಅಂಗಡಿಯವನು.

"ಗೊತ್ತೈತಿ. ಕಾಲ್ ಮುಗಿದ ಮ್ಯಾಲ ಎಷ್ಟ ಕಟ್ ಆತು ಅಂತ ಸ್ಕ್ರೀನ್ ಮ್ಯಾಲ ಬರತೈತಲ್ಲ?"

"ಬರತೈತಿ."

"ಹಂಗಾರ ಅದನ್ನ ಹಾಕ್ರಿ."

ಸುದ್ದಿಯನ್ನು ಸಾಜಿದನೇ ರಾಚವ್ವನ ಬಾಗಿಲಿಗೆ ಹೋಗಿ ಮುಟ್ಟಿಸಿದ: "ಅಜ್ಜಿ, ಮೀಟರ್ ಹಚ್ಚ್ಯಾಳ ಮತ್ತ ನಮ್ಮ ತಂಗಿ!"

ಸಂಜೆ ಬಾಂಕಿನ ಮೇಲೆ ಮೆಣಸಿನಕಾಯಿ ಇರಲಿಲ್ಲ. ಖಾಸಿಮಸಾಬರು ಇಸ್ತ್ರಿ ಅಂಗಿ ತೊಟ್ಟು, ಸುರೇಬಾನದ ನಂಬರನ್ನು ತಾವೇ ಒತ್ತಿ, ಫೋನನ್ನು ರಾಚವ್ವನ ಕೈಗೆ ಕೊಟ್ಟರು. ಫರೀನ್ ಬಾಗಿಲಲ್ಲೇ ನಿಂತಿದ್ದಳು.

"ನೀ ಯಾಕ ಅಲ್ಲೇ ನಿಂತಿ? ಒಳಗ ಬಾ," ಎಂದರು ಮಗಳಿಗೆ.

ಒಳಗೆ ಹೋದವರು ರೇಡಿಯೋ ದನಿ ಏರಿಸಿದರು. ಅದು ಯಾವುದೋ ಬೆಳೆಗೆ ಗೊಬ್ಬರ ಹಾಕುವ ಕ್ರಮವನ್ನು ಹೇಳುತ್ತಿತ್ತು. ಅದನ್ನೂ ದಾಟಿ ಹೊರಗಿನಿಂದ ರಾಚವ್ವನ ನಗು ಕೇಳಿಬಂತು. ಹೊಟ್ಟೆ ಹಿಡಿದುಕೊಂಡು ನಗುವ, ಚಿಕ್ಕ ಹುಡುಗಿಯಂಥ ನಗು. ಮಾತು ಮುಗಿದು ಅವಳು ಕರೆದಾಗ ಖಾಸಿಮಸಾಬರು ಹೊರಗೆ ಹೋಗಿ, ಫೋನನ್ನು ಕಣ್ಣಿನಿಂದ ದೂರ ಹಿಡಿದು, ಪರದೆಯ ಮೇಲಿನ ಅಂಕಿಯನ್ನು ಓಣಿಗೆಲ್ಲ ಕೇಳುವಂತೆ ಓದಿದರು.

"ಅಷ್ಟಾತ? ಮೀಟರ್ ಓಡಸೀರೇನ ಸಾಬರ?"

"ನಾ ಎಲ್ಲಿ ಓಡಸೇನಿ, ರಾಚವ್ವಾ, ಓಡಿಸಿದಾಕಿ ನೀನ."

ರಾಚವ್ವ ಸೆರಗಿನ ಗಂಟು ಬಿಚ್ಚಿ ನಾಣ್ಯಗಳನ್ನು ಬಾಂಕಿನ ಮೇಲಿಟ್ಟು, ಬೆನ್ನು ನೇರ ಮಾಡಿಕೊಂಡು ಮನೆ ಕಡೆ ನಡೆದಳು.

"ಅಷ್ಟ ಯಾಕ ನಕ್ಕಳು ಅಬ್ಬಾ?" ಎಂದು ಫರೀನ್ ಕೇಳಿದಳು.

ಖಾಸಿಮಸಾಬರು ಅಂಗಿಯ ತುದಿಯಿಂದ ಫೋನನ್ನು ಒರೆಸುತ್ತಿದ್ದರು.

"ಯಾರು ನಕ್ಕಿದ್ದು?" ಎಂದರು.