ತಿರುವಿನಲ್ಲಿ ಇಟ್ಟ ಹಾಸಿಗೆ

ರಾಜಗೋಪಾಲನಗರದಲ್ಲಿ ನಮ್ಮ ಬಾಡಿಗೆ ಮನೆಯ ಬೀದಿ ಮುಗಿಯುವಲ್ಲಿ ಒಂದು ತಿರುವಿದೆ. ನಾವು ಗದಗದ ಕಡೆಯಿಂದ ಬಂದ ಹೊಸತರಲ್ಲಿ ಅಲ್ಲಿ ಕಸದ ಗುಡ್ಡೆಯೇ ಇತ್ತು. ಅನ್ನ, ಬಾಟಲಿ, ಕಾರ್ಖಾನೆಯ ಎಣ್ಣೆಬಟ್ಟೆ ಎಲ್ಲ ಒಂದೇ ಕಡೆ. ಆಮೇಲೆ ಪಾಲಿಕೆಯವರು ಎತ್ತಿ ತೊಳೆದರು, ಬೀದಿಯ ಹೆಂಗಸರು ರಂಗೋಲಿ ಹಾಕಿದೆವು. ಅದು ಮತ್ತೆ ಗುಡ್ಡೆಯಾಗದಂತೆ ಕಾದವರು ನನ್ನ ಯಜಮಾನರು. ಪೀಣ್ಯದಲ್ಲಿ ಅವರಿಗೆ ಲೇತ್ ಕೆಲಸ. ಶಿಫ್ಟಿಗೆ ಹೋಗುವ ಮುಂಚೆ ಟೀ ಲೋಟ ಹಿಡಿದು ಅಲ್ಲಿ ನಿಲ್ಲುತ್ತಿದ್ದರು. ಕವರು ಎಸೆಯಲು ಬಂದವರಿಗೆ, "ಗಾಡಿ ಈಗ ಬರ್ತೈತ್ರಿ, ಬ್ಯಾರೆ ಬ್ಯಾರೆ ಮಾಡಿ ಅವರ ಕೈಯಾಗ ಕೊಡ್ರಿ" ಎನ್ನುತ್ತಿದ್ದರು.

"ಏನ್ ಗುರು, ಇದೇನು ನಿಮ್ಮಪ್ಪನ ಸೈಟಾ?" ಎಂದ ಒಬ್ಬ ಬೈಕಿನವನು.

"ನಮ್ಮಪ್ಪಂದಾಗಿದ್ರ ಬಾಡಿಗಿ ಮನ್ಯಾಗ ಯಾಕ ಇರ್ತಿದ್ನಿ?"

ಅವನು ನಕ್ಕು ಕವರನ್ನು ವಾಪಸ್ ಒಯ್ದ.

ಕಾಯಿಲೆ ಬಿದ್ದ ಮೇಲೆ ಅವರು ಹತ್ತಿಯ ಹಾಸಿಗೆ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿದರೆ, "ತಿರುವಿನ್ಯಾಗ ಏನರ ಬಿದ್ದೈತೇನು ನೋಡಿ ಬಾ" ಎನ್ನುತ್ತಿದ್ದರು. ಏನೂ ಬಿದ್ದಿಲ್ಲ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಅವರು ಹೋದ ಮೇಲೆ ಊರಿನಿಂದ ಮೈದುನ ಬಂದ. "ಸತ್ತವರ ಹಾಸಿಗಿ ಮನ್ಯಾಗ ಇಟ್ಕೋಬಾರ್ದು ವೈನಿ. ಊರ ಹೊರಗ ಹಾಕಿ ಬರಬೇಕು" ಎಂದ. ಇಲ್ಲಿ ಊರ ಹೊರಗು ಎಲ್ಲಿದೆ? ಮರುದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಅವನು ಹಾಸಿಗೆಯನ್ನು ಹೊತ್ತುಕೊಂಡು ಹೋಗಿ ತಿರುವಿನಲ್ಲಿ ಇಟ್ಟು ಬಂದಿದ್ದ. ಅವನಿಗೆ ಆ ಜಾಗದ ವಿಷಯ ಗೊತ್ತಿರಲಿಲ್ಲ. ನಾನು ಓಡಿಹೋಗಿ ನೋಡುವಷ್ಟರಲ್ಲಿ ಹಾಸಿಗೆಯ ಮೇಲೆ ಯಾರದೋ ಎರಡು ಕವರು ಬಿದ್ದಿದ್ದವು. ಸಂಜೆಯವರೆಗೆ ಬಿಟ್ಟಿದ್ದರೆ ಗುಡ್ಡೆಯೇ ಆಗುತ್ತಿತ್ತು, ಅದೂ ಅವರ ಹಾಸಿಗೆಯಿಂದ. ನಾನು ಎಳೆಯತೊಡಗಿದೆ.

"ಹೊರಗ ಹಾಕಿದ್ದನ್ನ ಒಳಗ ತರಬಾರ್ದು ವೈನಿ" ಎನ್ನುತ್ತ ಮೈದುನ ಹಿಂದೆಯೇ ಬಂದ.

"ಒಳಗ ತರಂಗಿಲ್ಲಪ್ಪ. ಹಿತ್ತಲ ಒಗೆಯೋ ಕಲ್ಲಿನ ಹತ್ರ ಇಡ್ತೀನಿ. ನಿಮ್ಮಣ್ಣ ಈ ಜಾಗಾ ಕಾದಾರ."

ಅವನು ಇನ್ನೊಂದು ತುದಿ ಹಿಡಿದ.

ಮರುದಿನ ಕಸದ ಗಾಡಿಯ ಹೆಣ್ಣುಮಗಳು ಹೇಳಿದಳು: "ಇಡೀ ಹಾಸಿಗೆ ತಗೊಳಲ್ಲ ಅಕ್ಕ. ಬಿಚ್ಚಿ ಬೇರೆ ಮಾಡಿಟ್ರೆ ದಿನಾ ಒಂದಿಷ್ಟು ಒಯ್ತೀನಿ."

ಹೊಲಿಗೆ ಬಿಚ್ಚಿದೆ. ಮೇಲುಬಟ್ಟೆಯನ್ನೂ ರಬ್ಬರ್ ಹಾಳೆಯನ್ನೂ ಒಗೆದು ಒಣಕಸದ ಚೀಲಕ್ಕೆ ಹಾಕಿದೆ. ಕಲೆಯಾದ ಹತ್ತಿಯನ್ನು ಪೇಪರಿನಲ್ಲಿ ಸುತ್ತಿ ಬೇರೆ ಇಟ್ಟೆ. ಅವರ ಭುಜ ಊರುತ್ತಿದ್ದ ಕಡೆ ಹತ್ತಿ ಗಟ್ಟಿಯಾಗಿ, ತಗ್ಗು ಹಾಗೇ ಉಳಿದಿತ್ತು. ಅದನ್ನು ಹಿಂಜಲು ಕೈ ಬರಲಿಲ್ಲ. ದಿನವೂ ಅದನ್ನು ಬಿಟ್ಟು ಉಳಿದದ್ದನ್ನೇ ಕೊಟ್ಟೆ.

ಕೊನೆಗೆ ಅದೊಂದೇ ಉಳಿಯಿತು. ಆ ದಿನ ಗಾಡಿ ತಡವಾಗಿ ಬಂತು. ಅವಳು ಎರಡೂ ಕೈಯಲ್ಲಿ ಇಸಿದುಕೊಂಡು, "ಅಣ್ಣ ಇದ್ದಿದ್ರೆ ಲೇಟಾಯ್ತು ಅಂತ ಬೈದೇ ಕಳಿಸ್ತಿದ್ರು" ಎಂದಳು.

ಗಾಡಿ ಹೋದ ಮೇಲೆ ತಿರುವಿನವರೆಗೆ ನಡೆದೆ. ರಂಗೋಲಿ ಸ್ವಲ್ಪ ಅಳಿಸಿತ್ತು, ಅಷ್ಟೆ. ಏನೂ ಬಿದ್ದಿಲ್ಲ ಎಂದು ಹೇಳಲು ಮನೆಯೊಳಕ್ಕೆ ಬಂದೆ.