ಅರ್ಧ ಬೆರಳಿನ ಕೊರತೆ

ಪಟ್ಟಣಕ್ಕೆ ಮುತ್ತಿಗೆ ಬೀಳುವ ಮುಂಚೆ ಅದರ ಕೋಟೆಯೊಳಗೆ ನಾವಿಬ್ಬರೂ ವೀಣೆ ಮಾಡುವ ಬಡಗಿಗಳು, ಎದುರುಬದುರು ಜಗಲಿ. ಎದುರು ಜಗಲಿಯವನು ಸಂತೆಬಾಚಹಳ್ಳಿ ಕಡೆಯವನು. ನಾನು ತಂತಿ ಮೀಟಿ, ಕಿವಿಗೊಟ್ಟು, ಮೇಣದ ಮೇಲೆ ಸ್ವರದ ಒಂದೊಂದೇ ಮೆಟ್ಟಿಲು ಕೂರಿಸಲು ಎರಡು ದಿನ ಒದ್ದಾಡುತ್ತಿದ್ದೆ. ಅವನು ತಂತಿಯ ಉದ್ದಕ್ಕೆ ದಾರ ಕತ್ತರಿಸಿ, ಹೆಬ್ಬೆರಳಿಗೆ ಎಂಜಲು ಹಚ್ಚಿ ನೀವಿ, ಮಡಿಸಿ, ಮಡಿಕೆ ಬಿದ್ದಲ್ಲಿ ಅರಿಶಿನದ ಗುರುತಿಟ್ಟು ಅದರಂತೆ ಮೆಟ್ಟಿಲು ಕೂರಿಸುತ್ತಿದ್ದ. ಅರ್ಧಕ್ಕೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲಿಗೆ ಪಂಚಮ. ಮಧ್ಯಾಹ್ನದೊಳಗೆ ಕೆಲಸ ಮುಗಿದಿರುತ್ತಿತ್ತು. "ಮೊದ್ಲು ದಾರ, ಕಿವಿ ಆಮ್ಯಾಕೆ ಕಣ್ಲಾ" ಅನ್ನುತ್ತಿದ್ದ. ವೈಣಿಕರು ನನ್ನ ಜಗಲಿ ದಾಟಿ ಅವನಲ್ಲಿಗೆ ಹೋಗುವಾಗ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಅವನ ಸೊಕ್ಕು ಮುರಿಯಲೆಂದೇ ನಾನೂ ಗುಟ್ಟಾಗಿ ದಾರ ಹಿಡಿದೆ. ಪಂಚಮದಿಂದ ಅದರ ಪಂಚಮ, ದಾರ ತೀರಾ ಗಿಡ್ಡವಾದಾಗ ದುಪ್ಪಟ್ಟು. ಹೀಗೆ ಹನ್ನೆರಡು ಸಲ ಹೋದರೆ ಹೊರಟ ಷಡ್ಜಕ್ಕೇ ಮರಳಬೇಕು. ಮರಳಲಿಲ್ಲ. ದಾರ ಅರ್ಧ ಬೆರಳಗಲ ಕಡಿಮೆ! ಕುಣಿಯುತ್ತಾ ಹೋಗಿ ಆ ದಾರವನ್ನು ಅವನ ಮುಂದೆ ಎಸೆದೆ. "ನಿನ್ ದಾರ ಸುಳ್ಳು ಯೋಳ್ತದೆ ಕಣ್ಲಾ!"

ಅವನು ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡ. "ಗೊತ್ತು ಬುಡ್ಲಾ. ಆ ಅರ್ಧ ಬೆರಳ್ನ ಯಾವ್ಯಾವ ಮೆಟ್ಲಿಗೆ ಎಷ್ಟೆಷ್ಟು ಅಂಚ್ಬೇಕು ಅಂತ ದಾರಕ್ಕೆ ತಿಳಿಯಾಕಿಲ್ಲ." ತನ್ನ ದಾರ ಬಿಚ್ಚಿ ತೋರಿಸಿದ. ಮಡಿಕೆಯ ಅರಿಶಿನದ ಗುರುತುಗಳ ಪಕ್ಕದಲ್ಲಿ ಸಣ್ಣ ಸಣ್ಣ ಕಾಡಿಗೆ ಗುರುತುಗಳಿದ್ದವು. "ಈ ಕರೀವೆಲ್ಲ ನೀನ್ ಕಿವೀಲಿ ಕೇಳಿ ಕೂರ್ಸಿದ್ ಹಳೇ ವೀಣೆ ಮ್ಯಾಲೆ ಅಳ್ದು ಆಕ್ಕಂಡಿದ್ದು."

ಸಂತೋಷಪಡಬೇಕಿತ್ತು. ಹೊಟ್ಟೆ ಇನ್ನೂ ಜೋರಾಗಿ ಉರಿಯಿತು. ನನ್ನ ಕಿವಿಯ ಬೆಲೆಯನ್ನೂ ನನಗಿಂತ ಮೊದಲು ಅವನೇ ಕಂಡುಕೊಂಡಿದ್ದ.