ಬಸ್ತ್ಯಾಂವ ಕೂರುತ್ತಿದ್ದ ಸೀಟು

ಲಾಕ್‌ಡೌನ್ ಮುಗಿದು ಮದುವೆಗಳು ಮತ್ತೆ ಜೋರಾದ ವರ್ಷ. ನಾನು ಹಳಿಯಾಳದ ಗ್ಯಾರೇಜೊಂದರಲ್ಲಿ ಹೆಡ್ ಮಿಸ್ತ್ರಿ. ಹಳೆಯ ಕಾರು ಬಂತೆಂದರೆ ಊಟ ಬಿಟ್ಟು ಏಳುವವನು. ಒಂದು ಬೆಳಿಗ್ಗೆ ತೇರಗಾಂವ ಕಡೆಯಿಂದ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಬಿಳಿ ಅಂಬಾಸಿಡರ್ ಬಂತು. ಜೊತೆಗೆ ಮೇರಿಬಾಯಿ ಮತ್ತು ಅವರ ಮಗಳು ಲೂಸಿ.

ಕಾರು ಮೇರಿಬಾಯಿಯ ಗಂಡ ಬಸ್ತ್ಯಾಂವನದು. ದಾಂಡೇಲಿ, ಹಳಿಯಾಳದ ನಡುವೆ ಅದನ್ನು ಬಾಡಿಗೆಗೆ ಓಡಿಸಿಯೇ ಸಂಸಾರ ನಡೆಸಿದ ಸಿದ್ದಿ ಜನಾಂಗದವನು, ನನ್ನ ಜೀವದ ಗೆಳೆಯ. ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ.

"ಓಡೂ ಕಾರನ್ನ ಟ್ರಾಲಿಯೊಳಗ ಯಾಕ ಹೇರಿದ್ರಿ ಅಕ್ಕಾರ? ಇದೇನ ದನ ಏನ್ರಿ?" ಎಂದು ನಗಿಸಲು ನೋಡಿದೆ.

"ಅವ್ರ ಸೀಟಿನ್ಯಾಗ ಯಾರೂ ಕೂಡೂದ ಬ್ಯಾಡ ಅಂತ ನಾನ ಹೇಳೇನ್ರಿ," ಎಂದರು ಮೇರಿಬಾಯಿ. ಸೀಟು ಮುಟ್ಟದೆ ಕಾರನ್ನು ತಳ್ಳಿಯೇ ಒಳಗೆ ತರಿಸಿದೆ.

ಮುಂದಿನ ವಾರ ಮಳಗಿ ಊರಿನಲ್ಲಿ ಲೂಸಿಯ ಮದುವೆ. ಅಪ್ಪನಿಂದಲೇ ಡ್ರೈವಿಂಗ್ ಕಲಿತವಳು, ಅಪ್ಪನ ಕಾರನ್ನು ತಾನೇ ಓಡಿಸಿಕೊಂಡು ಮದುವೆಗೆ ಹೋಗಬೇಕೆಂದು ಹಟ ಹಿಡಿದಿದ್ದಳು. ತಾಯಿ ಒಪ್ಪಿರಲಿಲ್ಲ. ಇಬ್ಬರ ನಡುವೆ ಮಾತೇ ನಿಂತಿತ್ತು.

ಕಾರಿನ ಮುಂಭಾಗದ ಸಸ್ಪೆನ್ಷನ್ನಿನ ಬುಷ್‌ಗಳು ಪೂರ್ತಿ ಸವೆದಿದ್ದವು. ಚಕ್ರ ಹಿಡಿದ ತೋಳು ಚಾಸಿಗೆ ಸೇರುವಲ್ಲಿ ಕೂರುವ ರಬ್ಬರು ಇದು. ಸವೆದರೆ ಪ್ರತಿ ತಗ್ಗಿಗೂ ಟಕ್ ಎನ್ನುತ್ತದೆ. ಹಳೆಯವನ್ನು ಕಿತ್ತು, ಹೊಸವಕ್ಕೆ ಸೋಪಿನ ನೀರು ಹಚ್ಚಿ ಒತ್ತಿ ಕೂರಿಸಿದೆ. ಆದರೆ ಕೊನೆಯ ಬಿಗಿ ಜಾಕಿನ ಮೇಲೆ ಕೊಡಬಾರದು. ಚಕ್ರ ನೇತಾಡುವಾಗ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿಯಬೇಕು. ನಮ್ಮ ಗ್ಯಾರೇಜಿನಲ್ಲಿ ಇನ್ನೊಂದು ಪದ್ಧತಿಯಿತ್ತು: ಕಾರಿನವರನ್ನೇ ಸ್ಟೇರಿಂಗ್ ಮುಂದೆ ಕೂರಿಸಿ, ಕೆಳಗೆ ನೆಲ ಅಗೆದು ಮಾಡಿದ ಪಿಟ್ಟಿನಲ್ಲಿ ನಿಂತು ನಟ್ ಬಿಗಿಯುತ್ತಿದ್ದೆವು. ಬಸ್ತ್ಯಾಂವ ಅಲ್ಲಿ ಕೂತು, "ಬಿಗೀಲೇ, ಊಟದ ಹೊತ್ತಾತು" ಎಂದು ನನ್ನನ್ನು ಕಾಡುತ್ತಿದ್ದ.

ಅಂದು ಸ್ಪ್ಯಾನರ್ ಹಿಡಿದು ಪಿಟ್ಟಿಗಿಳಿದಾಗ ಆ ದನಿ ಇಲ್ಲದ್ದು ತಡೆಯಲಾಗಲಿಲ್ಲ.

"ಅಕ್ಕಾರ, ಯಾರರ ಕೂಡ್ರಿ. ಖಾಲಿ ಸೀಟಿಗೆ ಬಿಗಿಯಾಕ ನನ್ನ ಕೈ ಬರವಲ್ದು," ಎಂದೆ.

ಆಮೇಲೆ ಬಾಗಿಲು ತೆರೆದ ಸದ್ದಾಯಿತು. ಕಾರು ನನ್ನ ತಲೆಯ ಮೇಲೆ ಸ್ವಲ್ಪ ಕುಗ್ಗಿತು. ನಟ್ ಬಿಗಿದು ಮೇಲೆ ಬಂದರೆ, ಆ ಉದ್ದ ಸೀಟಿನಲ್ಲಿ ಗಂಡ ಕೂತು ಕೂತು ಬಿದ್ದಿದ್ದ ತಗ್ಗಿನಲ್ಲಿ ಮೇರಿಬಾಯಿಯೇ ಕೂತಿದ್ದರು. ಸ್ಟೇರಿಂಗ್ ಹಿಡಿದು, ತಾವು ಯಾವಾಗಲೂ ಕೂರುತ್ತಿದ್ದ ಎಡಬದಿಯನ್ನೇ ನೋಡುತ್ತಿದ್ದರು.

"ಇಷ್ಟ ವರ್ಷ ನಾ ಅವ್ರಿಗೆ ಇಲ್ಲಿಂದ ಕಾಣ್ತಿದ್ನಲ್ರಿ ಅಣ್ಣಾರ," ಎಂದರು. "ಇಷ್ಟ ಸನೇಕ, ಕೈ ಚಾಚಿದ್ರ ಸಿಗೂವಷ್ಟು."

ಕಣ್ಣೊರೆಸಿಕೊಂಡು ತಮ್ಮ ಬದಿಗೆ ಸರಿದರು. "ಬಾರವ್ವಾ, ಕೂಡು," ಎಂದು ಲೂಸಿಯನ್ನು ಕರೆದರು.

ಲೂಸಿ ಓಡಿಸಿಕೊಂಡು ಹೊರಟ ಕಾರು ತಿರುವು ದಾಟುವವರೆಗೂ ನಿಂತು ಕೇಳಿದೆ. ಎಲ್ಲೂ ಟಕ್ ಎನ್ನಲಿಲ್ಲ. ಭಾರ ತಪ್ಪಿಸಿ ಬಿಗಿದದ್ದು ಬಾಳುವುದಿಲ್ಲ ಎಂದು ಈ ಕೆಲಸ ನನಗೆ ಕಲಿಸಿದೆ. ಆದರೂ ಈಗಲೂ ಕೊನೆಯ ನಟ್ಟಿಗೆ ಸ್ಪ್ಯಾನರ್ ಹಾಕಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಮೇಲಿಂದ ಅವನು "ಬಿಗೀಲೇ" ಎನ್ನಲಿ ಎಂದು.